ಗ್ಯಾಲರಿಯ ಗಂಟಲು

ಆಡುವುದು ಹುಡುಗಿಯರ ಕೆಲಸ, ಆಡಿಸುವುದು ಕೋಚ್ ಕೆಲಸ. ಸೋತಾಗ ಕಾರಣ ಹುಡುಕುವ ಹೊಣೆಯನ್ನು ಮಾತ್ರ ಗ್ಯಾಲರಿಯಲ್ಲಿ ಕೂರುವ ನಾವು, ಯಾರೂ ಕೇಳದಿದ್ದರೂ, ತಲೆಯ ಮೇಲೆ ಹೊತ್ತುಕೊಂಡಿದ್ದೇವೆ. ಈ ಸಲ ಲೀಗ್ ಶುರುವಾದ ಕೆಲವೇ ವಾರಗಳಲ್ಲಿ ನಮಗೆ ಕೈತುಂಬ ಕೆಲಸ ಸಿಕ್ಕಿತು. ಕಳೆದ ವರ್ಷ ಫೈನಲ್‌ವರೆಗೆ ಹೋಗಿಬಂದಿದ್ದ ನಮ್ಮ ಊರಿನ ಹೆಣ್ಣುಮಕ್ಕಳ ಹಾಕಿ ತಂಡ ಈ ವರ್ಷ ಸ್ವಂತ ಮೈದಾನದಲ್ಲೇ ಒಂದರ ಹಿಂದೊಂದು ಪಂದ್ಯ ಸೋಲುತ್ತಿತ್ತು. ವಿಚಿತ್ರವೆಂದರೆ, ಹೊರಗೆ ಹೋದಾಗ ಗೆಲ್ಲುತ್ತಿತ್ತು. ಮಂಡ್ಯದಲ್ಲಿ ಗೆದ್ದರು. ಹಾಕಿಯ ತವರುಮನೆ ಎನ್ನಿಸಿಕೊಂಡ ಕೊಡಗಿಗೇ ಹೋಗಿ ಗೆದ್ದುಬಂದರು. ಮೈಸೂರಿಗೆ ಬಂದು ನಿಂತರೆ ಕೈಕಾಲು ಆಡುತ್ತಿರಲಿಲ್ಲ.

ಮೈದಾನ ಎಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ನೀಲಿ ಟರ್ಫ್ ಹಾಸಿದ್ದಾರೆ, ಆಟಕ್ಕೆ ಮುಂಚೆ ಅದಕ್ಕೆ ನೀರು ಹೊಡೆಯುತ್ತಾರೆ, ಅಷ್ಟರಮಟ್ಟಿಗೆ ಅಂತಾರಾಷ್ಟ್ರೀಯ. ಉಳಿದದ್ದೆಲ್ಲ ಮನೆಮಟ್ಟದ್ದು. ಮೂರು ಕಡೆ ಕಾಂಪೌಂಡ್ ಗೋಡೆ. ನಾಲ್ಕನೆಯ ಕಡೆ, ಅದೂ ಒಂದು ಗೋಲಿನ ಪಕ್ಕಕ್ಕೆ ಒತ್ತಿಕೊಂಡು, ತಗಡಿನ ಸೂರಿನ ಒಂದೇ ಒಂದು ಗ್ಯಾಲರಿ. ಸಣ್ಣ ಮದುವೆಯ ಮೊದಲ ಪಂಕ್ತಿಯಷ್ಟು ಜನ ಕೂತರೆ ಭರ್ತಿ. ಕೆಳಗಿನ ಮೆಟ್ಟಿಲಲ್ಲಿ ಕೂತವರು ಕಾಲು ಚಾಚಿದರೆ ಅಂಪೈರ್ ಎಡವಿ ಬೀಳಬೇಕು. ಓಡಿ ಬಂದ ಹುಡುಗಿ ಏದುಸಿರು ಬಿಡುವುದು ನಮಗೆ ಸ್ಪಷ್ಟವಾಗಿ ಕೇಳುತ್ತದೆ. ನಾವು ಮಾತಾಡುವುದು ಅವರಿಗೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆ ಎನ್ನುವುದನ್ನು ಮಾತ್ರ ನಾವ್ಯಾರೂ ಯೋಚಿಸಿರಲಿಲ್ಲ.

ನಾನು ಅಲ್ಲಿಗೆ ಹೋಗುವುದು ಅಪ್ಪನ ಸಲುವಾಗಿ. ಅಪ್ಪನ ಅಪ್ಪ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮಗ ಸಂಸ್ಕೃತ ಓದಿ ವಿದ್ವಾಂಸನಾಗಲಿ ಎಂದು ಪಾಠಶಾಲೆಗೆ ಕಳಿಸಿದರೆ, ಮಗ ಶಬ್ದಮಂಜರಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹಾಕಿ ಸ್ಟಿಕ್ ಹಿಡಿದು ಓಡಿಹೋಗುತ್ತಿದ್ದನಂತೆ. ಮುಂದೆ ಸರ್ಕಾರಿ ಎಂಜಿನಿಯರ್ ಆದರು, ರಸ್ತೆ ಸೇತುವೆ ಕಟ್ಟಿಸಿದರು. ಆದರೆ ಹೊಸಬರು ಯಾರು ಸಿಕ್ಕಿದರೂ ಅಪ್ಪ ಮೊದಲು ಹೇಳುತ್ತಿದ್ದದ್ದು ತಾನು ಹಾಕಿಯಲ್ಲಿ ರೈಟ್ ಹಾಫ್ ಆಡುತ್ತಿದ್ದೆ ಎಂದೇ. ಅಮ್ಮ ಹೋದ ಮೇಲೆ ಕುವೆಂಪುನಗರದ ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಯಜಮಾನರು ಕ್ರಿಕೆಟ್ಟಿನ ಭಕ್ತರು. ಹಾಗಾಗಿ ಮಾವ ಅಳಿಯನ ಮಧ್ಯೆ ಕಾಫಿ ತಿಂಡಿ ಬಿಟ್ಟರೆ ಬೇರೆ ಮಾತಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಕಣ್ಣು ಹೋಯಿತು. ಒಂದೇ ಸಲಕ್ಕೆ ಅಲ್ಲ. ಗ್ಲಾಕೋಮಾ ಅಂಚಿನಿಂದ ಶುರುವಾಗಿ ನಡುವಿನವರೆಗೆ ನುಂಗಿಕೊಂಡು ಬಂತು. ಈಗ ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೆ. ಅಪ್ಪ ಪೇಪರ್ ಬಿಟ್ಟರು, ಟಿವಿ ಬಿಟ್ಟರು, ಇಸ್ಪೀಟು ಬಿಟ್ಟರು. ಬೆಳಗಿನ ವಾಕಿಂಗ್ ಕೂಡ, ಇನ್ನೊಬ್ಬರ ಕೈ ಹಿಡಿದು ನಡೆಯುವುದೇನು ಚಂದ ಎಂದು ಬಿಟ್ಟರು. ಬಿಡದೆ ಉಳಿಸಿಕೊಂಡದ್ದು ಹಾಕಿಯೊಂದನ್ನೇ. ಇದೂ ಹೋದರೆ ಅಪ್ಪ ರೂಮಿನಿಂದ ಈಚೆಗೆ ಬರುವುದಕ್ಕೆ ಕಾರಣವೇ ಇರುವುದಿಲ್ಲ ಎಂಬ ಭಯ ನನಗಿತ್ತು. ಅದಕ್ಕೇ ಪಂದ್ಯ ಇದ್ದ ದಿನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ಎರಡನೆಯ ಮೆಟ್ಟಿಲಲ್ಲಿ ಪಕ್ಕದಲ್ಲಿ ಕೂತು, ಆಟವನ್ನು ಮೊದಲಿಂದ ಕೊನೆವರೆಗೆ ಬಾಯಲ್ಲಿ ಹೇಳುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ನನ್ನ ಮಾತು ಕೊನೆಯ ಬೆಂಚನ್ನು ದಾಟಿ, ಕಾರಿಡಾರ್ ದಾಟಿ, ಪಕ್ಕದ ಗಣಿತದ ಕ್ಲಾಸಿಗೂ ಹೋಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ದೂರು ಇದೆ. ಅಪ್ಪನದು ಇನ್ನೂ ಮೇಲು, ಮೈದಾನದ ಈ ತುದಿಯಿಂದ ಆ ತುದಿಗೆ ಕೂಗಿ ಬೆಳೆದ ಗಂಟಲು. ಇಬ್ಬರೂ ಪಿಸುಮಾತು ಆಡಿದರೆ ಬೀದಿಗೆ ಕೇಳುತ್ತದೆ.

ಗ್ಯಾಲರಿಯಲ್ಲಿ ನಮ್ಮ ಜೊತೆಯವರು ಇಬ್ಬರು. ಒಬ್ಬರು ನಜರ್‌ಬಾದಿನಲ್ಲಿ ಟೈರ್ ಅಂಗಡಿ ಇಟ್ಟವರು, ಪಂದ್ಯವಿದ್ದರೆ ಅಂಗಡಿಗೆ ಅರ್ಧ ಶಟರ್ ಎಳೆದು ಬರುವಂಥ ಮನುಷ್ಯ. ಇನ್ನೊಬ್ಬಾಕೆ ಕುಂಬಾರಕೊಪ್ಪಲಿನಿಂದ ಬರುವ ಅಕ್ಕ, ಟೈಲರಿಂಗ್ ಮಾಡುತ್ತಾರೆ. ಅವರ ಮಗಳೇ ನಮ್ಮ ತಂಡದ ಗೋಲ್ ಕೀಪರ್. ಮಗಳ ಕಡೆ ಚೆಂಡು ಬಂದಾಗಲೆಲ್ಲ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ಇಷ್ಟು ವರ್ಷದಲ್ಲಿ ಮಗಳು ಚೆಂಡು ತಡೆದದ್ದನ್ನು ಅವರು ಒಂದು ಸಲವೂ ನೋಡಿಲ್ಲ. ಅವರಿಗೂ ನಾನೇ ಹೇಳಬೇಕು.

ಸೋಲಿನ ಕಾರಣ ಹುಡುಕುವ ಸಭೆ ಪಂದ್ಯ ಮುಗಿದ ಮೇಲೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನಡೆಯುತ್ತಿತ್ತು. ಮೂರನೆಯ ಸೋಲಿನ ದಿನ ಟೈರ್ ಅಂಗಡಿಯವರು ಒಂದು ಹೊಸ ವಿಷಯ ಎತ್ತಿದರು.

"ಗಮನಿಸಿದ್ರಾ ಸಾರ್? ಆ ಕಡೆ ಗೋಲಿಗೆ ಹೊಡ್ದಾಗ ಪೆನಾಲ್ಟಿ ಕಾರ್ನರ್ ಸರಾಗ ಹೋಗ್ತದೆ. ಗ್ಯಾಲರಿ ಕಡೆ ಗೋಲಿಗೆ ಬಂದ್ಬುಟ್ರೆ ಒಂದೂ ಹೋಗಲ್ಲ. ಈ ಮೂಲೇಲಿ ಏನೋ ಇದೆ."

"ವಾಸ್ತು ಸರಿಯಿಲ್ಲ ಬುಡಿ. ನೈಋತ್ಯದಾಗೆ ಗೋಲು ಇಕ್ಕವ್ರೆ. ಎಂಗೆ ಒಯ್ತದೆ?" ಎಂದರು ಕೊಪ್ಪಲಿನ ಅಕ್ಕ.

"ಗೋಲಿಗೆ ಯಾವ ವಾಸ್ತುನಮ್ಮ!" ಎಂದು ಅಪ್ಪ ಗುಡುಗಿದರು. "ಮೈದಾನ ಚಿಕ್ಕದು. ಜನ ಮೈಮೇಲೆ ಕೂತ ಹಾಗಿರತ್ತೆ. ಆ ಮಕ್ಕಳಿಗೆ ಗಾಬರಿ ಆಗತ್ತೆ, ಅಷ್ಟೆ."

"ಚಿಕ್ಕದಾದ್ರೆ ನಮಗೆ ಒಳ್ಳೇದಲ್ವಾ ಸಾರ್? ಕೂಗೋರೆಲ್ಲ ನಮ್ಮೋರೇ."

ಈ ಚರ್ಚೆ ಎರಡನೆಯ ಟೀವರೆಗೂ ನಡೆಯಿತು. ಕಾರ್ನರ್ ತಳ್ಳುವ ಹುಡುಗಿಗೆ ಹೊಸ ಸ್ಟಿಕ್ ಆಗಿಬಂದಿಲ್ಲ ಎಂದು ನಾನು ಹೇಳಿದೆ. ಗ್ಯಾಲರಿ ಕಡೆ ನೀರು ಹೆಚ್ಚು ಹೊಡೆಯುತ್ತಾರೆ, ಚೆಂಡು ಜಾರುತ್ತದೆ ಎಂದೂ ಹೇಳಿದೆ. ನನ್ನ ತರ್ಕವನ್ನು ನಾನೇ ಮೆಚ್ಚಿಕೊಂಡಿದ್ದೆ.

ಪೆನಾಲ್ಟಿ ಕಾರ್ನರ್ ಎಂದರೆ ಏನೆಂದು ಹಾಕಿ ನೋಡದವರಿಗೆ ಹೇಳಿಬಿಡುತ್ತೇನೆ. ಎದುರಾಳಿ ಗೋಲಿನ ಹತ್ತಿರ ತಪ್ಪು ಮಾಡಿದರೆ ನಮಗೊಂದು ಅವಕಾಶ. ಗೋಲಿನ ಗೆರೆಯಿಂದ ಒಬ್ಬಳು ಚೆಂಡು ತಳ್ಳುತ್ತಾಳೆ, ದೂರದಲ್ಲಿ ನಿಂತವರು ಅದನ್ನು ನಿಲ್ಲಿಸಿ ಗೋಲಿಗೆ ಹೊಡೆಯುತ್ತಾರೆ. ಎತ್ತ ಹೊಡೆಯಬೇಕೆಂದು ನಮ್ಮ ನಾಯಕಿ ಬೆನ್ನ ಹಿಂದೆ ಕೈಯಿಟ್ಟು ಬೆರಳಿನಲ್ಲಿ ತೋರಿಸುತ್ತಾಳೆ. ಒಂದು ಬೆರಳಾದರೆ ನೇರ, ಎರಡಾದರೆ ಎಡಕ್ಕೆ, ಮುಷ್ಟಿ ಹಿಡಿದರೆ ಬಲಗಡೆ ನಿಂತವಳಿಗೆ ಪಾಸ್. ಗೋಲಿನಲ್ಲಿ ನಿಂತ ಎದುರಾಳಿಗೆ ಆ ಕೈ ಕಾಣುವುದಿಲ್ಲ. ನಮ್ಮ ಗ್ಯಾಲರಿಗೆ ಚೆನ್ನಾಗಿ ಕಾಣುತ್ತದೆ. ಬೆರಳಿನ ಅರ್ಥವನ್ನು ಅಪ್ಪ ಈ ವರ್ಷದ ಅಭ್ಯಾಸದ ದಿನಗಳಲ್ಲಿ ಹೋಗಿ ಕೂತು, ನನ್ನ ಬಾಯಿಂದ ಕೇಳಿ ಕೇಳಿ, ತಾವೇ ಬಿಡಿಸಿಕೊಂಡಿದ್ದರು. ಈ ಸಾಧನೆಯ ಬಗ್ಗೆ ನಮ್ಮಿಬ್ಬರಿಗೂ ಒಳಗೊಳಗೇ ಹೆಮ್ಮೆಯಿತ್ತು.

ಹೀಗಾಗಿ ಪ್ರತಿ ಕಾರ್ನರಿನಲ್ಲೂ ನಡೆಯುತ್ತಿದ್ದದ್ದು ಇಷ್ಟು.

"ಎಷ್ಟು ಬೆರಳು?" ಎಂದು ಅಪ್ಪ.

"ಎರಡು."

"ಎಡಗಡೆ ಹೊಡೀತಾಳೆ, ನೋಡ್ತಿರು."

ನಾಲ್ಕನೆಯ ಸೋಲು ಹಾಸನದ ತಂಡದ ಎದುರು ಆಯಿತು. ಪಂದ್ಯ ಮುಗಿದು ನಾವು ಮೆಟ್ಟಿಲು ಇಳಿಯುತ್ತಿದ್ದೆವು. ಅವರ ಗೋಲ್ ಕೀಪರ್ ಹುಡುಗಿ, ಇನ್ನೂ ಕಾಲಿಗೆ ಕಟ್ಟಿದ ದಪ್ಪ ಪ್ಯಾಡ್ ಬಿಚ್ಚದೆ, ಥಪಥಪ ಎಂದು ನಡೆದು ಬಂದು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಮ್ಮ ಕೋಚ್ ಅಲ್ಲೇ ನಿಂತಿದ್ದರು. ಟೈರ್ ಅಂಗಡಿಯವರೂ ಅಕ್ಕನೂ ಇದ್ದರು.

"ತಾತ, ನೀವು ಇಲ್ದಿದ್ರೆ ಇವತ್ತು ನಾವು ಗೆಲ್ತಿರಲಿಲ್ಲ."

"ನಾನಾ? ನಾನೇನಮ್ಮ ಮಾಡ್ದೆ?"

"ಪ್ರತಿ ಕಾರ್ನರ್ ಎತ್ತ ಬರತ್ತೆ ಅಂತ ಮುಂಚೇನೇ ಹೇಳ್ತಿದ್ರಲ್ಲ! ಮೊದಲನೇದಕ್ಕೆ ನಿಮ್ಮ ಎಡಾನೋ ನನ್ನ ಎಡಾನೋ ಅಂತ ಗೊತ್ತಾಗ್ದೆ ಗೋಲ್ ಬಿಟ್ಕೊಟ್ಟೆ. ಆಮೇಲೆ ಸರಿಹೋಯ್ತು. ಹೋದ್ವಾರ ಇಲ್ಲಿ ಆಡಿದ ನನ್ನ ಫ್ರೆಂಡ್ ಹೇಳಿದ್ಲು, ಗ್ಯಾಲರೀಲಿ ಒಬ್ರು ತಾತ ಇರ್ತಾರೆ, ಪಕ್ಕದಲ್ಲಿ ಒಬ್ರು ಆಂಟಿ ಇರ್ತಾರೆ, ಅವರಿಬ್ಬರು ಹೇಳೋದು ಕೇಳಿಸ್ಕೊಂಡ್ರೆ ಸಾಕು ಅಂತ."

ಹುಡುಗಿಯಲ್ಲಿ ಕೊಂಕು ಲವಲೇಶವೂ ಇರಲಿಲ್ಲ. ಮನಸಾರೆ ಥ್ಯಾಂಕ್ಸ್ ಹೇಳಿ ಬಸ್ ಕಡೆ ಓಡಿದಳು. ಭೂಮಿ ಬಾಯಿಬಿಟ್ಟಿದ್ದರೆ ನಾನು ಅಲ್ಲೇ ಇಳಿದುಬಿಡುತ್ತಿದ್ದೆ. ಕೋಚ್ ಸಭ್ಯರು, ಆಕಾಶ ನೋಡುತ್ತಾ ನಿಂತರು. ಕೊಪ್ಪಲಿನ ಅಕ್ಕ ಮಾತ್ರ, "ಅಯ್ಯೋ, ವಾಸ್ತು ಅಲ್ವಾ ಅಂಗಾದ್ರೆ!" ಎಂದುಬಿಟ್ಟರು. ಟೈರ್ ಅಂಗಡಿಯವರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನನಗೂ ಅಷ್ಟು ಹೊತ್ತಿಗೆ ನಗು ಬಂದಿತ್ತು, ಸುಳ್ಳೇಕೆ ಹೇಳಲಿ. ಅಪ್ಪನ ಮುಖ ನೋಡಿದೆ. ಅದು ಸಣ್ಣಗಾಗಿಹೋಗಿತ್ತು. ನನ್ನ ನಗು ಅಲ್ಲಿಗೇ ನಿಂತಿತು.

ಆ ದಿನ ಟೀ ಅಂಗಡಿಯ ಸಭೆ ನಡೆಯಲಿಲ್ಲ. ಮನೆಗೆ ಬಂದು ಅಪ್ಪ ತಮ್ಮ ಹಾಕಿ ಟೋಪಿಯನ್ನು ಗೂಟಕ್ಕೆ ನೇತುಹಾಕಿ, "ಮಂಡಿ ನೋವಮ್ಮ. ಇನ್ನು ಮೆಟ್ಟಿಲು ಹತ್ತೋಕೆ ಆಗಲ್ಲ" ಎಂದರು. ಮಂಡಿ ಅವರಿಗೆ ನನಗಿಂತ ಚೆನ್ನಾಗಿದೆ. ನಾನು ವಾದ ಮಾಡಿದೆ, ಬೈದೆ, ಊಟದ ತಟ್ಟೆ ಸ್ವಲ್ಪ ಜೋರಾಗಿಯೇ ಇಟ್ಟೆ. ಏನೂ ಉಪಯೋಗವಾಗಲಿಲ್ಲ. ಮುಂದಿನ ಪಂದ್ಯಕ್ಕೆ ಅಪ್ಪ ಹೋಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಆ ಪಂದ್ಯ ನಮ್ಮ ತಂಡ ಗೆದ್ದಿತು. ಅದು ಗೊತ್ತಾದಾಗ ಅಪ್ಪ, "ನೋಡ್ದೆಯಾ?" ಎಂದರು, ಅಷ್ಟೆ. ನನಗೆ ಆ ಗೆಲುವಿನ ಮೇಲೆ ಎಂಥ ಕೋಪ ಬಂತೆಂದರೆ, ಹುಡುಗಿಯರು ಸೋತಿದ್ದರೇ ವಾಸಿಯಿತ್ತು ಅನ್ನಿಸಿತು.

ಟೈರ್ ಅಂಗಡಿಯವರೂ ಅಕ್ಕನೂ ಒಂದು ಸಂಜೆ ಮನೆಗೇ ಬಂದರು. ಅಕ್ಕ ಚಕ್ಕುಲಿ ತಂದಿದ್ದರು. ದಾರಿಯಲ್ಲೇ ಇಬ್ಬರೂ ಉಪಾಯ ಮಾಡಿಕೊಂಡು ಬಂದಿದ್ದರು.

"ಸಾರ್, ಸುಲಭ ಇದೆ" ಎಂದರು ಟೈರ್ ಅಂಗಡಿಯವರು. "ಇನ್ಮುಂದೆ ಉಲ್ಟಾ ಹೇಳಿ. ಎಡ ಇದ್ರೆ ಬಲ ಅನ್ನಿ. ಬಂದೋರೆಲ್ಲ ಮಕಾಡೆ ಬೀಳ್ತಾರೆ."

"ಸುಳ್ಳು ಹೇಳಿ ಗೆಲ್ಲೋಕೆ ಇದೇನು ಎಲೆಕ್ಷನ್ನಾ?" ಎಂದರು ಅಪ್ಪ. ಎಷ್ಟೋ ದಿನದ ಮೇಲೆ ಆ ಗಂಟಲು ಪೂರ್ತಿ ತೆರೆದಿತ್ತು. ನನಗೆ ಅದನ್ನು ಕೇಳಿಯೇ ಸಮಾಧಾನವಾಯಿತು.

"ಅಂಗಾದ್ರೆ ಬೇರೆ ಕಡೆ ಕುಂತ್ಕಳಿ ಸ್ವಾಮಿ" ಎಂದರು ಅಕ್ಕ.

ಬೇರೆ ಕಡೆ ಎಲ್ಲಿ? ಇರುವುದೊಂದೇ ಗ್ಯಾಲರಿ, ಉಳಿದದ್ದು ಕಾಂಪೌಂಡ್ ಗೋಡೆ. ಗೋಡೆಯ ಮೇಲೆ ಅಪ್ಪನನ್ನು ಕೂರಿಸುವ ಹಾಗಿರಲಿಲ್ಲ. ಚಕ್ಕುಲಿ ಮುಗಿಯಿತು, ದಾರಿ ಕಾಣಲಿಲ್ಲ. ಕೊನೆಗೆ ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದರು. "ನನ್ ಮಗಳು ಕೇಳ್ತಾಳೆ ಕಣ್ ಸ್ವಾಮಿ, ತಾತ ಯಾಕ್ ಬಂದಿಲ್ಲ ಅಂತ. ಗೋಲ್ ಬಿಟ್ರೆ ಬಯ್ಯೋರು ಯಾರೂ ಇಲ್ವಂತೆ. ಒಂದ್ ತರಾ ಆಯ್ತದಂತೆ. ಬಾಯ್ ಮುಚ್ಕೊಂಡಾದ್ರೂ ಬಂದು ಕುಂತ್ಕಳಿ."

ಇಷ್ಟು ನೇರವಾಗಿ ಅಪ್ಪನಿಗೆ ಅಮ್ಮನ ನಂತರ ಯಾರೂ ಹೇಳಿರಲಿಲ್ಲ. ಮುಂದಿನ ಭಾನುವಾರ ಟೋಪಿ ಹಾಕಿಕೊಂಡು ಹೊರಟರು. ಒಂದು ಷರತ್ತು ಹಾಕಿದರು, ನಾನೂ ತುಟಿ ಬಿಚ್ಚಕೂಡದು.

ಅವತ್ತು ಗ್ಯಾಲರಿ ಭರ್ತಿ. ಅಕ್ಕಪಕ್ಕದವರೆಲ್ಲ ಎದ್ದು ಕೂತು ಕೂಗುತ್ತಿದ್ದರು. ಅಪ್ಪ ಮಾತ್ರ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಒಂದು ಸಲ ತಡೆಯಲಾಗದೆ ನಾನು, "ಅಪ್ಪಾ, ಬಲಗಡೆಯಿಂದ..." ಎಂದೆ. "ಶ್!" ಎಂದು ಗದರಿದರು. ಎಲ್ಲರೂ ಹೋ ಎಂದಾಗ ಅವರ ತಲೆ ಆ ಕಡೆ ತಿರುಗುತ್ತಿತ್ತು, ಎಲ್ಲರೂ ಅಯ್ಯೋ ಎಂದಾಗ ಈ ಕಡೆ. ಏನಾಯಿತೆಂದು ಕೇಳಲಿಲ್ಲ. ಅಷ್ಟು ಜನರ ನಡುವೆ ಅಪ್ಪ ಒಬ್ಬರೇ ಕತ್ತಲಲ್ಲಿ ಕೂತಿದ್ದರು. ಇದಕ್ಕಿಂತ ಮನೆಯ ಗೋಡೆಯೇ ವಾಸಿ, ಕರೆತಂದದ್ದು ತಪ್ಪಾಯಿತು ಎಂದುಕೊಂಡೆ.

ಆಗ ಅವರ ಕೈ ನೋಡಿದೆ. ಮಂಡಿಯ ಮೇಲೆ ಬೆರಳು ತನ್ನಷ್ಟಕ್ಕೆ ಆಡುತ್ತಿತ್ತು. ಸ್ಟಿಕ್ಕಿಗೆ ಚೆಂಡು ತಾಗಿದ ಸದ್ದು ಬಂದ ಕಡೆಗೆ ಸ್ವಲ್ಪ ಸರಿಯುವುದು, ಗಲಾಟೆಯಲ್ಲಿ ಸದ್ದು ತಪ್ಪಿಹೋದರೆ ನಿಂತುಬಿಡುವುದು.

ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಆ ಕೈಯನ್ನು ಎತ್ತಿ ಅಂಗೈ ಮೇಲಾಗುವಂತೆ ನನ್ನ ತೊಡೆಯ ಮೇಲೆ ಮಗುಚಿ ಹಾಕಿಕೊಂಡೆ. ನಮ್ಮ ಮನೆಯಲ್ಲಿ ಹೀಗೆಲ್ಲ ಕೈ ಹಿಡಿಯುವ ಪದ್ಧತಿ ಇಲ್ಲ. ಹಬ್ಬಕ್ಕೆ ನಮಸ್ಕಾರ ಮಾಡುತ್ತೇವೆ, ಮುಗಿಯಿತು. ಅಪ್ಪ ಕೈ ಎಳೆದುಕೊಳ್ಳಲು ಹೋದರು, ನಾನು ಬಿಡಲಿಲ್ಲ. ಮಣಿಕಟ್ಟಿನ ಹತ್ತಿರ ಒಂದು ಗೆರೆ ಎಳೆದೆ, ನಮ್ಮ ಗೋಲು. ಬೆರಳ ಬುಡದಲ್ಲಿ ಇನ್ನೊಂದು ಗೆರೆ, ಅವರ ಗೋಲು. ಆಮೇಲೆ ಚೆಂಡು ಎಲ್ಲಿದೆಯೋ ಅಲ್ಲಿ ನನ್ನ ತೋರುಬೆರಳು ಇಟ್ಟೆ. ಚೆಂಡು ಓಡಿತು, ನನ್ನ ಬೆರಳೂ ಓಡಿತು. ಅಂಚಿಗೆ ಹೋಯಿತು, ತಿರುಗಿತು, ನಡುವಿಗೆ ಬಂತು, ಅಡ್ಡಬಂದವಳಿಗೆ ಸಿಕ್ಕಿ ನಿಂತಿತು.

ಸ್ವಲ್ಪ ಹೊತ್ತು ಅಪ್ಪನ ಕೈ ಮರದಂತಿತ್ತು. ಆಮೇಲೆ ಅಂಗೈ ತಾನಾಗಿ ಅಗಲವಾಯಿತು. ನನ್ನ ಬೆರಳು ಹಿಂದೆ ಬಿದ್ದರೆ ಅಪ್ಪ ಹೆಬ್ಬೆರಳಿನಿಂದ ತಟ್ಟಿ ಅವಸರ ಮಾಡತೊಡಗಿದರು. ಅವರ ಕಿವಿ ನನ್ನ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ಅವರು ಉಸಿರು ಬಿಗಿಹಿಡಿದರೆ ನಾನೂ ಹಿಡಿಯುತ್ತಿದ್ದೆ.

ಆಟ ಒಂದು ಒಂದರಲ್ಲಿ ನಿಂತಿತ್ತು. ಕೊನೆಯ ಭಾಗದಲ್ಲಿ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಗ್ಯಾಲರಿ ಕಡೆಯ ಗೋಲಿನಲ್ಲೇ. ಎದುರಾಳಿ ಗೋಲ್ ಕೀಪರ್ ಹೆಲ್ಮೆಟ್ಟಿನೊಳಗಿಂದ ನಮ್ಮ ಕಡೆ ಒಮ್ಮೆ ತಿರುಗಿ ನೋಡಿದಳು, ನನ್ನಾಣೆ. ಸುದ್ದಿ ಅಷ್ಟು ದೂರ ಹಬ್ಬಿತ್ತು. ಟೈರ್ ಅಂಗಡಿಯವರು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದರು. ಕೊಪ್ಪಲಿನ ಅಕ್ಕ, ಮಗಳು ಆ ತುದಿಯಲ್ಲಿದ್ದರೂ, ಸೆರಗು ಮುಖಕ್ಕೆ ತಂದುಕೊಂಡರು. ನಾಯಕಿಯ ಕೈ ಬೆನ್ನ ಹಿಂದೆ ಬಂತು. ಎರಡು ಬೆರಳು. ನಾನು ಅಪ್ಪನ ಅಂಗೈ ಮೇಲೆ ಎರಡು ಬೆರಳನ್ನು ಒತ್ತಿದೆ. ಅಪ್ಪನ ಗಂಟಲಲ್ಲಿ ಮಾತು ಮೇಲೆ ಬಂದು ಕೆಳಗಿಳಿದದ್ದು ನನಗೆ ಕಾಣಿಸಿತು. ತುಟಿ ಕಚ್ಚಿಕೊಂಡರು.

ಚೆಂಡು ಬಂತು, ನಿಂತಿತು, ಹೋಯಿತು. ಗೋಲಿನ ಹಿಂದಿನ ಹಲಗೆಗೆ ಢಬ್ ಎಂದು ಬಡಿದಾಗ ನನ್ನ ಬೆರಳು ಇನ್ನೂ ಅರ್ಧ ದಾರಿಯಲ್ಲಿತ್ತು. ಅಪ್ಪ ಆಗಲೇ ಎದ್ದು ನಿಂತು, ಅಷ್ಟು ಹೊತ್ತು ಕಟ್ಟಿಟ್ಟಿದ್ದ ಗಂಟಲನ್ನೆಲ್ಲ ಒಟ್ಟಿಗೆ ಬಿಟ್ಟರು. ಪಕ್ಕದಲ್ಲಿದ್ದ ಟೈರ್ ಅಂಗಡಿಯವರು ಕಿವಿ ಮುಚ್ಚಿಕೊಂಡು ಕುಣಿದರು.

ಪಂದ್ಯ ಗೆದ್ದೆವು, ಟೀ ಕುಡಿದೆವು, ಎರಡೆರಡು ಸಲ. ಸ್ಕೂಟರಿನ ಹತ್ತಿರ ಬಂದಾಗ ಅಪ್ಪ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು" ಎಂದರು.

"ಹೇಳಿ."

"ಎರಡು ವರ್ಷದಿಂದ ನೀನು ಹೇಳ್ತಿದ್ದೆಯಲ್ಲ, ಅದರಲ್ಲಿ ಆಟ ಬಹಳ ಕಮ್ಮಿ ಇರ್ತಿತ್ತು. ಇವಳು ಸೋಮಾರಿ, ಅವಳು ಪೆದ್ದಿ, ಅಂಪೈರಿಗೆ ಕಣ್ಣಿಲ್ಲ... ಬರೀ ನಿನ್ನ ಅಭಿಪ್ರಾಯ. ನೀನು ಕಷ್ಟಪಟ್ಟು ಕರ್ಕೊಂಡು ಬರ್ತೀಯಲ್ಲ ಅಂತ ಸುಮ್ಮನಿದ್ದೆ."

ಎರಡು ವರ್ಷದ ನನ್ನ ಗಂಟಲು ಹೀಗೆ ನೀರಿಗೆ ಹೋಯಿತು. ರೇಗಿತು. "ಮತ್ತೆ ಇವತ್ತು?" ಎಂದೆ.

"ಇವತ್ತು ಆಟ ನೋಡ್ದೆ ಕಣಮ್ಮ."

ಹೆಲ್ಮೆಟ್ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದೆ. ಹೆಲ್ಮೆಟ್ಟಿನೊಳಗೆ ಅಳುವುದು ಕಷ್ಟ, ಗಾಜಿಗೆ ಹಬೆ ಕೂರುತ್ತದೆ. ಕುವೆಂಪುನಗರಕ್ಕೆ ತಿರುಗುವ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಹಿಂದಿನಿಂದ ಅಪ್ಪನ ಕೈ ನನ್ನ ಭುಜದ ಪಕ್ಕದಿಂದ ಮುಂದಕ್ಕೆ ಬಂತು, ಅಂಗೈ ಮೇಲೆ ಮಾಡಿಕೊಂಡು.

"ಆ ಎರಡನೇ ಗೋಲು" ಎಂದರು, "ಇನ್ನೊಂದು ಸಲ ತೋರಿಸು."

ತೋರಿಸಿದೆ. ಹಸಿರು ಬಿದ್ದು ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು. ಈ ಸಲ ನನ್ನ ಬೆರಳು ಗೋಲು ಮುಟ್ಟುವವರೆಗೆ ಅಪ್ಪ ಕಾದರು.